ಕೈ ನಡುಗುವ ಮನೆತನ

ನಮ್ಮ ಕುಂದಾಪುರ ಸೀಮೆಯಲ್ಲಿ ಮನುಷ್ಯ ನಡುಗುವುದಕ್ಕೆ ಊರು ಒಪ್ಪಿಕೊಂಡ ಕಾರಣಗಳು ಎರಡೇ. ಒಂದು ದರ್ಶನ, ಇನ್ನೊಂದು ಶರಾಬು. ನಾಗಪಾತ್ರಿಯ ಕೈಗೆ ಹಿಂಗಾರ ಬಂದು ಮೈಯೆಲ್ಲ ಕಂಪಿಸತೊಡಗಿದರೆ ಸುತ್ತ ನಿಂತವರು ಕೈ ಮುಗಿಯುತ್ತಾರೆ. ಬೆಳಿಗ್ಗೆ ಶಾಸ್ತ್ರಿ ಸರ್ಕಲ್ ಹತ್ತಿರ ಚಾ ಲೋಟ ಎತ್ತುವಾಗ ನಾಲ್ಕು ಹನಿ ಮೇಜಿನ ಮೇಲೆ ಚೆಲ್ಲಿದರೆ ಅದೇ ಜನ, “ಹ್ವಾಯ್, ನಿನ್ನೆ ರಾತ್ರಿ ಜೋರಾ?” ಎಂದು ಕಣ್ಣು ಮಿಟುಕಿಸುತ್ತಾರೆ. ನನ್ನದು ಎರಡೂ ಅಲ್ಲ. ನನ್ನ ಮೈಮೇಲೆ ಬರುವಷ್ಟು ಬಿಡುವು ಯಾವ ದೈವಕ್ಕೂ ಇಲ್ಲ. ಶರಾಬಿನದ್ದೂ ನನ್ನದೂ ಮುಖಪರಿಚಯ ಮಾತ್ರ. ನನ್ನ ನಡುಕ ಪಿತ್ರಾರ್ಜಿತ. ಪಾಲಾಗುವಾಗ ತೆಂಗಿನ ತೋಟ ಅಣ್ಣನ ಹೆಸರಿಗೆ ಹೋಯಿತು, ನಡುಕ ನನಗೆ ಬಂತು. ರಿಜಿಸ್ಟ್ರೇಷನ್ ಖರ್ಚು ಇಲ್ಲದೆ.

ಅಪ್ಪಯ್ಯನಿಗೆ ಕೈ ಮಾತ್ರವಲ್ಲ, ತಲೆಯೂ ಆಡುತ್ತಿತ್ತು. ಅದೂ ಅಡ್ಡಡ್ಡ. ಇದರಿಂದ ಲಾಭ ನಷ್ಟ ಎರಡೂ ಉಂಟು. ಮೀನು ಮಾರುವವಳು ಬುಟ್ಟಿ ಇಳಿಸಿ ಬಂಗುಡೆಯ ರೇಟು ಹೇಳಿದ ಕೂಡಲೇ ಅಪ್ಪಯ್ಯನ ತಲೆ ಅಡ್ಡ ಆಡುತ್ತಿತ್ತು. ಅವಳು ತಾನಾಗಿ ಐದು ರೂಪಾಯಿ ಇಳಿಸುತ್ತಿದ್ದಳು. ತಲೆ ಆಡುವುದು ನಿಲ್ಲುತ್ತಿರಲಿಲ್ಲ. ಅವಳು ಇನ್ನಷ್ಟು ಇಳಿಸಿ, “ಇವ್ರೊಟ್ಟಿಗೆ ಆತಿಲ್ಲೆ ಮಾರಾಯ್ರೆ” ಎಂದು ಕೊಟ್ಟೇ ಹೋಗುತ್ತಿದ್ದಳು. ನಷ್ಟ ಮದುವೆ ಊಟದಲ್ಲಿ. ಪಾಯಸದವ ಎದುರು ಬಂದು ಮುಖ ನೋಡಿ, ತಲೆ ಆಡುವುದು ಕಂಡು, ಬೇಡವೆಂದುಕೊಂಡು ಮುಂದಿನ ಎಲೆಗೆ ದಾಟುತ್ತಿದ್ದ. ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಂಡರೆ ಬಾಯಿಗೆ ಹೋದದ್ದಕ್ಕಿಂತ ಅಂಗಿಗೆ ಪ್ರೋಕ್ಷಣೆಯಾದದ್ದೇ ಹೆಚ್ಚು. ಇದಕ್ಕೊಂದು ಹೆಸರಿದೆ, ಮದ್ದಿದೆ ಎಂಬುದು ಅವರಿಗೆ ಕಡೆವರೆಗೂ ಗೊತ್ತಾಗಲಿಲ್ಲ. ಪ್ರಾಯ ಆಯ್ತಲ್ಲ ಎಂದು ಮನೆಯವರೂ ಸುಮ್ಮನಿದ್ದೆವು. ಅವರಿಗೆ ಅದು ಶುರುವಾದಾಗ ನಲವತ್ತೂ ದಾಟಿರಲಿಲ್ಲ ಎನ್ನುವುದನ್ನು ಯಾರೂ ಲೆಕ್ಕ ಹಾಕಿರಲಿಲ್ಲ.

ಈ ಕಡೆಯಲ್ಲಿ ಯಾವ ಕಾಯಿಲೆಗೂ ಕೊನೆಯ ಮಾತು “ಮಣಿಪಾಲಕ್ಕೆ ಹೋಯ್ಕ್.” ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಲ್ಲಿ ಶುರುವಾದ ಮೇಲೆ ಶಿರೂರಿನಿಂದ ಬ್ರಹ್ಮಾವರದವರೆಗಿನ ಜನಕ್ಕೆ ಆ ಗುಡ್ಡ ಒಂದು ಬಗೆಯ ಮೇಲ್ಮನವಿ ನ್ಯಾಯಾಲಯ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋದೆ. ಬಸ್ಸಿನಲ್ಲಿ ನನಗೆ ಬಹಳ ಸಮಾಧಾನ, ಯಾಕೆಂದರೆ ಅಲ್ಲಿ ಎಲ್ಲರ ಕೈಯೂ ನಡುಗುತ್ತದೆ. ಕೋಟೇಶ್ವರ, ಸಾಲಿಗ್ರಾಮ ದಾಟಿ ಬ್ರಹ್ಮಾವರ ಬರುವವರೆಗೆ ಕಂಡಕ್ಟರನ ಚಿಲ್ಲರೆಯೂ ನನ್ನ ನೋಟೂ ಒಂದೇ ತಾಳದಲ್ಲಿ ಕುಣಿದವು.

ಡಾಕ್ಟರು ಎರಡು ಕೈ ಮುಂದೆ ಚಾಚಿಸಿದರು, ಬೆರಳಿನಿಂದ ಮೂಗು ಮುಟ್ಟಿಸಿದರು, ಕಾಗದ ಕೊಟ್ಟು ಒಳಗಿನಿಂದ ಹೊರಗೆ ಸುತ್ತುತ್ತ ಒಂದು ಸುರುಳಿ ಬರೆಯಲು ಹೇಳಿದರು. ಗೆರೆ ನಯವಾಗಿ ಸುತ್ತಬೇಕಿತ್ತು. ನಾನು ಬರೆದದ್ದು ಮೈತುಂಬ ಮುಳ್ಳಿರುವ ಅಷ್ಟಮಿಯ ಚಕ್ಕುಲಿಯ ಹಾಗೆ ಬಂತು. ಥೈರಾಯ್ಡ್ ಹೆಚ್ಚಾದರೂ ಕೈ ನಡುಗುತ್ತದೆ, ದಮ್ಮಿಗೆ ಎಳೆಯುವ ಪಂಪಿನಿಂದಲೂ, ಫಿಟ್ಸಿನ ಕೆಲವು ಮಾತ್ರೆಗಳಿಂದಲೂ ನಡುಗುತ್ತದೆ; ಅದಕ್ಕೆ ರಕ್ತ ಪರೀಕ್ಷೆ, ಒಂದಿಷ್ಟು ಪ್ರಶ್ನೆ. ಕೊನೆಗೆ, “ಸ್ವಲ್ಪ ಡ್ರಿಂಕ್ಸ್ ತಗೊಂಡರೆ ನಡುಕ ಕಡಿಮೆ ಆಗ್ತದಾ?” ಎಂದು ಕೇಳಿದರು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಇಂಥ ಪ್ರಶ್ನೆಗೆ ಯಾವ ಗಂಡಸೂ ನಿಜ ಹೇಳುವುದಿಲ್ಲ. ಆದರೆ ಪ್ರಶ್ನೆಗೆ ಅರ್ಥವಿತ್ತು: ನನ್ನ ಜಾತಿಯ ನಡುಕ ಒಂದು ಗುಟುಕಿಗೆ ಅನೇಕರಲ್ಲಿ ಕೆಲವು ಗಂಟೆ ಅಡಗುತ್ತದೆ, ಇಳಿದ ಮೇಲೆ ಬಡ್ಡಿ ಸಮೇತ ವಾಪಸು ಬರುತ್ತದೆ. ಹಾಗಾಗಿ ಅದು ಮದ್ದಲ್ಲ. ಈ ಸುದ್ದಿಯ ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡ ನನ್ನ ಭಾವ ಚೀಟಿ ಬರೆಸಿಕೊಂಡು ಬರಲು ತಯಾರಾಗಿದ್ದ.

ಹೆಸರು ಎಸೆನ್ಷಿಯಲ್ ಟ್ರೆಮರ್. ಪಾರ್ಕಿನ್ಸನ್ ಅಲ್ಲ. ಊರಿನಲ್ಲಿ ಎರಡನ್ನೂ ಒಂದೇ ಗಾಡಿಗೆ ಕಟ್ಟುತ್ತಾರೆ, ಆದರೆ ವ್ಯತ್ಯಾಸ ನೋಡಲು ಒಂದು ಬಯಲಾಟ ಸಾಕು. ಮಂದಾರ್ತಿ ಮೇಳದ್ದೋ ಮಾರಣಕಟ್ಟೆ ಮೇಳದ್ದೋ ಹರಕೆ ಆಟಕ್ಕೆ ಹೋಗಿ ಕೂತಿದ್ದೀರಿ ಎನ್ನಿ. ಕೈ ತೊಡೆಯ ಮೇಲೆ ಸುಮ್ಮನಿದ್ದಾಗಲೇ ಹೆಬ್ಬೆರಳೂ ತೋರುಬೆರಳೂ ಗುಳಿಗೆ ಉರುಟಿದ ಹಾಗೆ ಆಡುತ್ತಿದ್ದು, ಏನಾದರೂ ಹಿಡಿಯಲು ಹೋದಾಗ ಕಡಿಮೆಯಾದರೆ ಅದು ಹೆಚ್ಚಾಗಿ ಪಾರ್ಕಿನ್ಸನ್. ಆಟ ನೋಡುವಷ್ಟು ಹೊತ್ತೂ ಕೈ ತೆಪ್ಪಗಿದ್ದು, ಗೋಳಿಬಜೆ ಬಾಯಿಗೆ ಒಯ್ಯುವಾಗ ಚಂಡೆಯ ಪೆಟ್ಟು ಶುರುವಾದರೆ ನಮ್ಮ ಮನೆತನ. ಇನ್ನೊಂದು ಗುರುತು ಅಕ್ಷರ. ಉಪ್ಪುಂದದ ಕಡೆಯ ನನ್ನ ಪರಿಚಯದ ಮಾಸ್ತರರ ಪಾರ್ಕಿನ್ಸನ್ ಅಕ್ಷರ ಸಾಲು ಮುಗಿಯುವಷ್ಟರಲ್ಲಿ ಇರುವೆಯಷ್ಟಾಗುತ್ತದೆ. ನನ್ನದು ದೊಡ್ಡದಾಗಿ, ಸೊಟ್ಟಸೊಟ್ಟಾಗಿ ಪುಟ ತುಂಬುತ್ತದೆ. ಇದು ಕಟ್ಟೆಯ ಮೇಲೆ ಕೂತು ಮಾಡುವ ಅಂದಾಜು ಮಾತ್ರ, ತೀರ್ಪು ಡಾಕ್ಟರದ್ದೇ.

ನನಗೆ ಕೊಟ್ಟದ್ದು ಪ್ರೊಪ್ರನೊಲಾಲ್. ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಎದೆನೋವಿನವರಿಗಾಗಿ ಮಾಡಿದ ಮಾತ್ರೆ. ಇಂಥ ಕೆಲಸಕ್ಕೆ ಅವರಿಗೆ 1988ರಲ್ಲಿ ನೊಬೆಲ್ ಬಂತು. ಕೈ ನಿಲ್ಲಿಸುವ ಇದರ ಗುಣ ಗೊತ್ತಾಗಿ ಗುರಿಕಾರರೂ ನುಂಗತೊಡಗಿದರು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಸು ಪಿಸ್ತೂಲಿನಲ್ಲಿ ಗೆದ್ದ ಬೆಳ್ಳಿ, ಕಂಚು ಎರಡನ್ನೂ ಈ ಮಾತ್ರೆಯ ದೆಸೆಯಿಂದ ಕಳೆದುಕೊಂಡ. ಹಾಗಾಗಿ ನಾನಿನ್ನು ಒಲಿಂಪಿಕ್ಸಿಗೆ ಹೋಗುವಂತಿಲ್ಲ. ದಮ್ಮಿನ ಕಾಯಿಲೆ ಇರುವವರಿಗೆ ಇದು ಆಗುವುದಿಲ್ಲ, ನಾಡಿ ನಿಧಾನವಾಗುತ್ತದೆ, ಗುಣ ಆಯ್ತೆಂದು ಒಮ್ಮೆಲೇ ಬಿಡಲೂ ಬಾರದು. ಇದು ಹಿಡಿಸದವರಿಗೆ ಪ್ರಿಮಿಡೋನ್ ಎಂಬ ಫಿಟ್ಸಿನ ಹಳೆಯ ಮಾತ್ರೆ ಉಂಟು. ಶುರುವಿನಲ್ಲಿ ತೂಕಡಿಕೆ ಜಾಸ್ತಿ. ಯಾವುದನ್ನು ನುಂಗಿದರೂ ನಡುಕ ಪೂರ್ತಿ ಹೋಗುವುದಿಲ್ಲ. ಗುಣ ಕಂಡವರಿಗೂ ಹೆಚ್ಚುಕಮ್ಮಿ ಅರ್ಧ ಇಳಿಯುತ್ತದೆ. ನನಗೆ ಆ ಅರ್ಧ ಸಾಕು. ಅಂಗಿಯ ಗುಂಡಿ ನಾನೇ ಹಾಕಿಕೊಳ್ಳುತ್ತೇನೆ.

ಊರಿನವರು ಬಿಟ್ಟಾರೆಯೇ? ಕೈ ನಡುಗುತ್ತದೆ ಎಂದು ಬಾಯಿಬಿಟ್ಟ ದಿನದಿಂದ ಮದ್ದು ಹೇಳದವರಿಲ್ಲ. ಚಿಕ್ಕಮ್ಮ ಬಾದಾಮಿ ಅಂದರು, ನೆರೆಯವರು ನೂಲು ಕಟ್ಟಿಸಿ ಅಂದರು, ಹೊಸಂಗಡಿ ಕಡೆಯ ಒಬ್ಬರು ನಸುಗುನ್ನಿ ಬೀಜದ ಪುಡಿ ಪೊಟ್ಟಣ ಕಟ್ಟಿಯೇ ತಂದರು. ಮೈಗೆ ತಾಗಿದರೆ ತುರಿಕೆಯಲ್ಲಿ ಕುಣಿಸುವ ಆ ಬಳ್ಳಿಯನ್ನು ಕಂಡು ನಗುವ ಹಾಗಿಲ್ಲ. ಆಯುರ್ವೇದದವರು ಕಪಿಕಚ್ಛು ಎಂದು ಕರೆದು, ಬೀಜವನ್ನು ಹಾಲಿನಲ್ಲಿ ಬೇಯಿಸಿ ಶೋಧಿಸಿ, ಕಂಪವಾತಕ್ಕೆ ಕೊಡುತ್ತ ಬಂದಿದ್ದಾರೆ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದೇ ಬೀಜದಿಂದ ಲೆವೊಡೋಪಾ ತೆಗೆದು ತೋರಿಸಿದರು. ಪಾರ್ಕಿನ್ಸನ್‌ಗೆ ಇವತ್ತಿಗೂ ಮುಖ್ಯ ಮದ್ದು ಅದೇ ಲೆವೊಡೋಪಾ. ಮಿದುಳಿನಲ್ಲಿ ಕಡಿಮೆಯಾದ ಡೋಪಮಿನ್ನನ್ನು ಅದು ತುಂಬಿಕೊಡುತ್ತದೆ. ಅಂದರೆ ಪೊಟ್ಟಣದವರು ಹೇಳಿದ್ದು ಸುಳ್ಳಲ್ಲ, ಆದರೆ ವಿಳಾಸ ಬೇರೆ. ನನ್ನ ನಡುಕದಲ್ಲಿ ಡೋಪಮಿನ್ ಕೊರತೆಯೇ ಇಲ್ಲ. ಪೊಟ್ಟಣ ಮಾಸ್ತರರಿಗೆ ಕೊಡೋಣವೆಂದರೆ ಅದೂ ತಪ್ಪು: ಅವರು ಆಗಲೇ ಮಾತ್ರೆಯಲ್ಲಿ ಅದನ್ನೇ ನುಂಗುತ್ತಿದ್ದಾರೆ, ಮೇಲಿಂದ ಪುಡಿಯೂ ಸೇರಿದರೆ ಡೋಸ್ ಲೆಕ್ಕ ತಪ್ಪುತ್ತದೆ. ಅವರ ಸಂಕಟ ಬೇರೆಯೇ. ಮೀನು, ಮೊಟ್ಟೆಯ ಪ್ರೊಟೀನು ಆ ಮಾತ್ರೆ ಒಳಹೋಗುವುದಕ್ಕೆ ಅಡ್ಡಗಾಲು ಹಾಕುತ್ತದೆ. ಉಪ್ಪುಂದದಂಥ ಊರಿನಲ್ಲಿದ್ದುಕೊಂಡು ಮಾತ್ರೆ ನುಂಗಿ, ಗಡಿಯಾರ ನೋಡುತ್ತ, ಅಡುಗೆಮನೆಯ ಮೀನುಸಾರಿನ ಪರಿಮಳ ಕುಡಿಯುತ್ತ ಕೂರುವುದು ಸಣ್ಣ ತಪಸ್ಸಲ್ಲ.

ಮಾತ್ರೆಗೆ ಬಗ್ಗದವರಿಗೆ ಮಿದುಳಿನ ಆಳಕ್ಕೆ ತಂತಿ ಇಳಿಸಿ ಸಣ್ಣ ಕರೆಂಟು ಕೊಡುವ ಶಸ್ತ್ರಚಿಕಿತ್ಸೆ ಇದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿಡ್ ಎಂಬ ಡಾಕ್ಟರು 1987ರಲ್ಲಿ ದಾರಿ ತೋರಿಸಿದ್ದು. ರೋಗಿ ಹೆಚ್ಚಾಗಿ ಎಚ್ಚರವಿದ್ದೇ ಮಲಗಿರುತ್ತಾನಂತೆ, ತಂತಿ ಸರಿಯಾದ ಜಾಗಕ್ಕೆ ಮುಟ್ಟಿದಾಗ ಕೈ ತಟ್ಟನೆ ನಿಲ್ಲುತ್ತದಂತೆ. ಖರ್ಚು ಕೇಳಿದರೆ ಉಳಿದದ್ದೆಲ್ಲ ನಡುಗುತ್ತದೆ.

ನಿಜ ಹೇಳುವುದಾದರೆ ನಡುಕಕ್ಕಿಂತ ಅದನ್ನು ವಿವರಿಸುವುದೇ ದೊಡ್ಡ ಕೆಲಸ. ಯಾರಾದರೂ ನೋಡುತ್ತಿದ್ದಾರೆ ಎಂದು ಗೊತ್ತಾದರೆ ಕೈ ಇನ್ನೂ ಜೋರಾಗಿ ಆಡುತ್ತದೆ. ಒಂದು ಬ್ಯಾಂಕಿನವರು ಸಹಿ ಹೊಂದುವುದಿಲ್ಲವೆಂದು ನನ್ನ ಚೆಕ್ಕು ವಾಪಸು ಕಳಿಸಿ, ಕೌಂಟರಿನ ಎದುರು ನಿಲ್ಲಿಸಿ, “ಇನ್ನೊಮ್ಮೆ ಹಾಕಿ” ಎಂದರು. ಹಾಕಿದಷ್ಟೂ ಹೊಸ ಹೊಸ ಮನುಷ್ಯರು ಹುಟ್ಟಿದರು. ಸಹಿ ಮಾಡಲಾಗದ ವೃದ್ಧರು, ಅಶಕ್ತರು ಇಬ್ಬರು ಸಾಕ್ಷಿಗಳ ಎದುರು ಹೆಬ್ಬೆಟ್ಟು ಒತ್ತಬಹುದು, ಅದೂ ಆಗದಿದ್ದರೆ ಕಾಲಿನ ಬೆರಳೂ ಆದೀತು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು, ಅಷ್ಟೆ. ಕೈ ನಡುಗುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಕೌಂಟರಿನವರು ನೆನಪಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮಿಕ್ಕದ್ದು ಉಪಾಯದಲ್ಲಿ ನಡೆಯುತ್ತದೆ. ಹಗುರ ಸ್ಟೀಲ್ ಲೋಟಕ್ಕಿಂತ ಭಾರದ ಹಿತ್ತಾಳೆ ಲೋಟ ವಾಸಿ, ಮೊಣಕೈ ಪಕ್ಕೆಗೆ ಒತ್ತಿಕೊಂಡರೆ ಕೈ ಹೇಳಿದ ಮಾತು ಕೇಳುತ್ತದೆ, ತುಂಬಿದ್ದು ಯಾವುದನ್ನೂ ಎತ್ತಬಾರದು. ಅದಕ್ಕೇ ಬರುವ ಮದುವೆ ಸೀಸನ್ನಿನಲ್ಲಿ ಬಡಿಸುವ ಹುಡುಗರಲ್ಲಿ ನನ್ನದೊಂದು ವಿನಂತಿ: ಪಂಕ್ತಿಯಲ್ಲಿ ನಡುಗುವ ಕೈ ಕಂಡರೆ ಲೋಟಕ್ಕೆ ಅರ್ಧ ಪಾಯಸ ಹಾಕಿ, ಎರಡು ಸಲ ಬನ್ನಿ. ಬೇಕೋ ಬೇಡವೋ ಎಂದು ಬಾಯಲ್ಲೇ ಕೇಳಿ, ತಲೆ ನೋಡಬೇಡಿ.