ಲಾ ಪಾಯಿಂಟಣ್ಣ

ಕೊಣನೂರು ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಅರಕಲಗೂಡು ಬಸ್ಸಿಗೆ ಕಾಯುವವರಲ್ಲಿ ಯಾರ ಕಂಕುಳಲ್ಲಿ ಪ್ಲಾಸ್ಟಿಕ್ ಕವರು ಸುತ್ತಿದ ಫೈಲು ಇದೆಯೋ ಅವರೇ ಲಾ ಪಾಯಿಂಟಣ್ಣ. ನಿಜವಾದ ಹೆಸರು ಆಧಾರ್ ಕಾರ್ಡಿಗಷ್ಟೇ ಗೊತ್ತು. ಇಂಥವರು ಹೊಳೆನರಸೀಪುರದಲ್ಲೂ ಇದ್ದಾರೆ, ಚನ್ನರಾಯಪಟ್ಟಣದಲ್ಲೂ ಇದ್ದಾರೆ. ನಮ್ಮವರು ಕಾವೇರಿ ನೀರು ಕುಡಿದವರು, ದನಿ ಸ್ವಲ್ಪ ಜೋರು.

ಓದಿದ್ದು ಎಸ್ಸೆಸ್ಸೆಲ್ಸಿ. ಕಾನೂನು ಕಲಿತದ್ದು ಅಣ್ಣತಮ್ಮಂದಿರ ಭಾಗದ ದಾವೆಯಲ್ಲಿ. ದಾವೆ ಹಾಕಿದ ವರ್ಷ ಬದುವಿನಲ್ಲಿ ನೆಟ್ಟ ತೆಂಗಿನ ಸಸಿ ಈಗ ಕಾಯಿ ಬಿಡುತ್ತಿದೆ, ಕೇಸು ಇನ್ನೂ ಸಾಕ್ಷಿಯಲ್ಲೇ ಇದೆ. ಅಷ್ಟು ವರ್ಷ ಕೋರ್ಟಿಗೆ ಅಲೆದವರಿಗೆ ಗೊತ್ತಿಲ್ಲದ್ದು ಏನಿರುತ್ತೆ ಅನ್ನುವುದು ಊರಿನವರ ನಂಬಿಕೆ.

ಮೊದಲೆಲ್ಲ ಅವರ ಹತ್ತಿರ ಬರುತ್ತಿದ್ದದ್ದು ಪೋಡಿ, ಖಾತೆ, ದಾರಿ ತಕರಾರು. ಈಗೀಗ ಡೈವೋರ್ಸು. ಹೆಣ್ಣು ಹೆತ್ತವರು ದನಿ ತಗ್ಗಿಸಿ ಕೇಳುತ್ತಾರೆ. ಅಣ್ಣ ಹೋಟೆಲಿನ ಒಳಗೆ ದೋಸೆ ಹುಯ್ಯುವವನಿಗೂ ಕೇಳುವಂತೆ ಉತ್ತರ ಕೊಡುತ್ತಾರೆ.

ಲಾಯರನ್ನು ಆರಿಸುವ ಅವರ ವಿಧಾನ ಹೀಗೆ: ಕೋಟು ಮಾಸಿರಬೇಕು, ಹೊಸ ಕೋಟಿನವನಿಗೆ ಅನುಭವ ಸಾಲದು. ದನಿ ಕೋರ್ಟು ಹಾಲಿನಿಂದ ಹುಣಸೆ ಮರದವರೆಗೆ ಕೇಳಬೇಕು. ‘ಗೆದ್ದೇ ಗೆಲ್ಲಿಸ್ತೀನಿ’ ಅಂತ ಎದೆ ಮುಟ್ಟಿ ಹೇಳಬೇಕು. ನನ್ನನ್ನು ಕೇಳಿದರೆ, ಹಾಗೆ ಹೇಳಿದವರ ಆಫೀಸಿನಿಂದ ಮೊದಲು ಎದ್ದು ಬರಬೇಕು. ಬಂದ ಜೀವನಾಂಶದಲ್ಲಿ ಇಷ್ಟು ಪರ್ಸೆಂಟು ಅಂತ ಫೀಸು ಮಾತಾಡುವವರ ಹತ್ತಿರವೂ ಅಷ್ಟೇ. ಬಾರ್ ಕೌನ್ಸಿಲ್ ನಿಯಮ ಅದನ್ನು ಒಪ್ಪುವುದಿಲ್ಲ. ಕಮಿಷನ್ನಿಗೆ ಕಕ್ಷಿದಾರರನ್ನು ಹಿಡಿದುಕೊಡುವವರ ಪಟ್ಟಿ ಮಾಡಿ ಕೋರ್ಟಿನಲ್ಲಿ ತೂಗುಹಾಕಲು ವಕೀಲರ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯೂ ಬಂದಿದೆ. ಅಣ್ಣನಿಗೆ ಆ ಭಯ ಇಲ್ಲ. ಅವರು ಕಮಿಷನ್ ಮುಟ್ಟುವುದಿಲ್ಲ. ಬಸ್ ಚಾರ್ಜು, ಎರಡು ಟೀ, ಮಧ್ಯಾಹ್ನ ಮುದ್ದೆ ಊಟ, ಅಷ್ಟೇ.

ಮೊನ್ನೆ ರಾಮನಾಥಪುರದ ಕಡೆಯ ತಂಬಾಕು ಬೆಳೆಗಾರರೊಬ್ಬರು ಮಗಳ ಜೊತೆ ಬಂದಿದ್ದರು. ಹುಡುಗಿ ಹಾಸನದಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ತವರಿಗೆ ಬಂದು ಒಂದೂವರೆ ವರ್ಷ.

“ನೋಡು ತಮ್ಮಯ್ಯ, ಹರಾಜು ಶುರುವಾಗಿ ಕೈಗೆ ಕಾಸು ಬರ್ಲಿ, ಆಮೇಲೆ ಕೇಸು,” ಅಂದರು ಅಣ್ಣ. “ಇಲ್ಲಾ ಅಂದ್ರೆ ಏಳು ವರ್ಷ ಸುಮ್ಕಿರು, ತಾನೇ ಡೈವೋರ್ಸ್ ಆಗೋಯ್ತದೆ.”

ತಾನಾಗೇ ಆಗುವ ಡೈವೋರ್ಸು ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲ. ಏಳು ವರ್ಷದ ಲೆಕ್ಕ, ಬದುಕಿದ್ದಾನೋ ಇಲ್ಲವೋ ಎಂಬ ಸುದ್ದಿಯೇ ಇಲ್ಲದವನಿಗೆ. ಬಿಟ್ಟುಹೋದ ಕಾರಣಕ್ಕೆ ಅರ್ಜಿ ಹಾಕಲು ಎರಡು ವರ್ಷ ಸಾಕು. ಇಬ್ಬರೂ ಒಪ್ಪಿದರೆ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿಯಾದ ಮೇಲೆ ಆರು ತಿಂಗಳು ಕಾಯಬೇಕು. ರಾಜಿಗೆ ದಾರಿಯೇ ಉಳಿದಿಲ್ಲ ಅನ್ನಿಸಿದರೆ ಆ ಆರು ತಿಂಗಳನ್ನೂ ಕೋರ್ಟು ಬಿಡಬಹುದೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ.

“ಛಾಪಾ ಕಾಗ್ದದಲ್ಲಿ ಬರ್ದು ನೋಟರಿ ಮಾಡಿಸ್ಬೋದಲ್ವ ಅಣ್ಣಯ್ಯ?”

“ಧಾರಾಳವಾಗಿ!”

ಧಾರಾಳವಾಗಿ ಜೈಲಿಗೆ ಹೋಗಬಹುದು. ಜಾತಿಯ ರೂಢಿಯಲ್ಲಿ ಬಿಡುಗಡೆ ಇದೆಯೆಂದು ಸಾಬೀತಾದರೆ ಬೇರೆ ಮಾತು. ಇಲ್ಲದಿದ್ದರೆ ಆ ಕಾಗದ ನಂಬಿ ಇನ್ನೊಂದು ಮದುವೆಯಾದವರು ದ್ವಿಪತ್ನಿತ್ವದ ಕೇಸಿಗೆ ಸಿಕ್ಕುತ್ತಾರೆ.

ಹುಡುಗಿ ಕೇಳಿದಳು: “ದೊಡ್ಡಪ್ಪ, ಅವ್ರೂರು ಚನ್ನರಾಯಪಟ್ಟಣ. ಅಲ್ಲೀಗೇ ಹೋಗಿ ಹಾಕ್ಬೇಕಾ?”

“ಮತ್ತಿನ್ನೆಲ್ಲಿ? ಗಂಡನೂರೇ. ಇನ್ನೊಂದು ಪಾಯಿಂಟು, ನೀನು ಸಂಬ್ಳ ತಗೊಳ್ಳೋಳು, ಜೀವನಾಂಶ ಕೇಳಂಗಿಲ್ಲ.”

ಎರಡೂ ತಪ್ಪು. 2003ರ ತಿದ್ದುಪಡಿ ಬಂದಮೇಲೆ ಹೆಂಡತಿ ತಾನಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ಸಂಬಳ ಇದೆಯೆಂಬುದೊಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ, ಇಬ್ಬರ ಆದಾಯವನ್ನೂ ನೋಡುತ್ತಾರೆ.

ಆದರೆ ಅಣ್ಣನನ್ನು ಪೂರ್ತಿ ತಳ್ಳಿಹಾಕಲಾಗದು. ಲಗ್ನಪತ್ರಿಕೆ ಬಂದರೆ ನಾವು ಮುಹೂರ್ತ, ಛತ್ರ ನೋಡುತ್ತೇವೆ. ಅವರು ಓದಿ, ಹಿಂದೆ ತಾರೀಖು ಬರೆದು, ರಬ್ಬರ್ ಬ್ಯಾಂಡ್ ಹಾಕಿ ಟ್ರಂಕಿಗೆ ಸೇರಿಸುತ್ತಾರೆ. ನೋಂದಣಿಯಾಗದ ಮದುವೆಗೆ ಪತ್ರಿಕೆ, ಫೋಟೋಗಳೇ ಸಾಕ್ಷಿ ಅಂತ ಅವರಿಗೆ ಗೊತ್ತು. ಆ ಹುಡುಗಿಯ ಪತ್ರಿಕೆಯೂ, ಅರಿಸಿನದ ಮೂಲೆಯ ಸಮೇತ, ಅಲ್ಲೇ ಸಿಕ್ಕಿತು. ಅವಳ ಮನೆಯಲ್ಲಿ ಒಂದೂ ಉಳಿದಿರಲಿಲ್ಲ.

ಪತ್ರಿಕೆ ಕೈಗೆ ತೆಗೆದುಕೊಂಡು ಅವಳು ಕೇಳಿದಳು: “ದೊಡ್ಡಪ್ಪ, ನಿಮ್ ಕೇಸು ಏನಾಯ್ತು?”

“ನಡೀತಾ ಅದೆ ಮಗ,” ಅಂದ ಅಣ್ಣ ಮೂರನೇ ಟೀ ಹೇಳಿದರು.

ಅವಳು ಮಾರನೇ ದಿನ ಒಬ್ಬಳೇ ಅರಕಲಗೂಡಿಗೆ ಹೋದಳು. ನೀವೂ ಹೋಗಬಹುದು. ಅಲ್ಲಿನ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾಯ್ದೆಯಂತೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನು ಮಾಡುವುದಾದರೆ 15100.