ಬೆಳಗಾವಿ ಸೀಮೆಯ ಇಂಗ್ಲಿಷಿನಲ್ಲಿ ‘ರಿ’ಕಾರ ಲೋಪ: ಒಂದು ಮೀಮಾಂಸೆ

ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದಾಗ ಸಂಧಿ, ನಾಮ, ಸಮಾಸ, ತದ್ಧಿತಗಳಿಗೆಲ್ಲ ಸೂತ್ರ ಕಟ್ಟಿದ. ಕಾಮಾದ ಸುದ್ದಿಗೆ ಹೋಗಲಿಲ್ಲ. ಅವನ ಕಾಲಕ್ಕೆ ಕನ್ನಡದಲ್ಲಿ ಕಾಮಾ ಇರಲಿಲ್ಲ ಎಂಬುದು ಸಣ್ಣ ಕಾರಣ. ಖಾನಾಪುರದ ಝೆರಾಕ್ಸ್ ಅಂಗಡಿಯಲ್ಲಿ ಇಂಗ್ಲಿಷ್ ಅರ್ಜಿ ಟೈಪ್ ಮಾಡಿಸುವ ಪ್ರಸಂಗ ಅವನಿಗೆ ಬರಲಿಲ್ಲ ಎಂಬುದು ದೊಡ್ಡ ಕಾರಣ. ಆ ಕೊರತೆ ನೀಗಿಸಲು ಈ ಪ್ರಬಂಧ. ಶಾಸ್ತ್ರದ ಪದ್ಧತಿಯಂತೆ ಮೊದಲು ಸೂತ್ರ, ಆಮೇಲೆ ವೃತ್ತಿ, ಅದರ ಹಿಂದೆ ಪ್ರಯೋಗ. ಸೂತ್ರಗಳು ಕಂದಪದ್ಯದಲ್ಲಿ ಬರಬೇಕಿತ್ತು. ಛಂದಸ್ಸು ಕೈಕೊಟ್ಟಿದ್ದರಿಂದ ಗದ್ಯದಲ್ಲಿವೆ.

ಪೂರ್ವಪಕ್ಷದವರ ಆಕ್ಷೇಪವೊಂದಿದೆ: ಕನ್ನಡ, ಮರಾಠಿ, ಉರ್ದು, ಕೊಂಕಣಿ ಇಷ್ಟೆಲ್ಲ ಇರುವಾಗ ಬೆಳಗಾವಿಗೆ ಇಂಗ್ಲಿಷ್ ಯಾಕೆ? ಸಮಾಧಾನ ಹೀಗೆ. ಇಲ್ಲಿ ಕನ್ನಡದಲ್ಲಿ ಬರೆದರೆ ಒಬ್ಬರ ಹುಬ್ಬು ಏರುತ್ತದೆ, ಮರಾಠಿಯಲ್ಲಿ ಬರೆದರೆ ಇನ್ನೊಬ್ಬರದು. ಇಂಗ್ಲಿಷ್ ಯಾರ ಅವ್ವನ ಭಾಷೆಯೂ ಅಲ್ಲವಾಗಿ ಅದರಲ್ಲಿ ಎಷ್ಟು ತಪ್ಪು ಬರೆದರೂ ಯಾರೂ ರಸ್ತೆಗೆ ಇಳಿಯುವುದಿಲ್ಲ. ಊರು ಯಾರದು ಎಂಬ ವ್ಯಾಜ್ಯವನ್ನು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದಿತಷ್ಟೆ. ಕನ್ನಡವೋ ಮರಾಠಿಯೋ ಎಂಬ ಆ ವಾದವೂ ನಡೆಯಬೇಕಾದದ್ದು ಇಂಗ್ಲಿಷಿನಲ್ಲೇ. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಕಾಗುಣಿತವೇ ಬದಲಾಗಿ ಏಳು ಅಕ್ಷರದ ‘ಬೆಲ್ಗಾಂ’ ಎಂಟು ಅಕ್ಷರದ ‘ಬೆಳಗಾವಿ’ ಆಯಿತು. ಇದನ್ನು ಆಗಮಸಂಧಿ ಎನ್ನಬಹುದು. ರೈಲ್ವೆಯವರ ಕೋಡು ಮಾತ್ರ ‘ಬಿಜಿಎಂ’ ಎಂದೇ ಉಳಿದಿದೆ. ಶಾಸ್ತ್ರಕ್ಕಿಂತ ರೂಢಿ ಬಲ.

ಸೂತ್ರ: ಮೇಲೆ ತೂಗಿದರೆ ಅಪಾಸ್ಟ್ರಫಿ, ಕೆಳಗೆ ಜಾರಿದರೆ ಕಾಮಾ.

ವೃತ್ತಿ: ಖಾನಾಪುರ ಮಣ್ಣಿನ ಊರು. ಹೆಂಚು, ಗಡಿಗೆ, ಕುಂಬಾರಿಕೆಗೆ ಹೆಸರಾದದ್ದು. ಮಳೆಯೂ ಹಾಗೆಯೇ ಹೊಡೆಯುತ್ತದೆ. ಆಷಾಢದ ಗಾಳಿಗೆ ಸೂರಿನ ಅಂಚಿನಲ್ಲಿ ಅರ್ಧ ಜಾರಿ ನಿಂತ ಹೆಂಚಿನ ಚೂರನ್ನು ನೋಡಿದವರಿಗೆ ಅಪಾಸ್ಟ್ರಫಿಯ ಸ್ವರೂಪ ಬೇರೆ ಹೇಳಬೇಕಿಲ್ಲ. ಅದೇ ಚೂರು ಅಂಗಳಕ್ಕೆ ಬಿದ್ದರೆ ಕಾಮಾ. ಇಂಗ್ಲಿಷಿನಲ್ಲಿ ಮೇಲಿನದಕ್ಕೆ ಎರಡೇ ಕೆಲಸ: ಅಕ್ಷರ ಬಿಟ್ಟುಹೋಗಿದೆ ಎನ್ನುವುದು, ಇಲ್ಲವೆ ಇದು ಇಂಥವರದು ಎನ್ನುವುದು. ‘ಅದು ಆಗಿದೆ’ ಎಂಬರ್ಥದ ‘ಇಟ್ಸ್’ಗೆ ಚೂರು ಬೇಕು, ‘ಅದರ’ ಎಂಬರ್ಥದ ‘ಇಟ್ಸ್’ಗೆ ಬೇಡ. ಜಗತ್ತಿನ ಇಂಗ್ಲಿಷ್ ಲೇಖಕರೆಲ್ಲ ಎಡವುವ ಜಾಗವಿದು. ಕನ್ನಡ ಲಿಪಿಯಲ್ಲಿ ಎರಡೂ ‘ಇಟ್ಸ್’ ಎಂದೇ ಬರುವುದರಿಂದ ಸಮಸ್ಯೆ ಪರಿಹಾರವಾಯಿತು ಎಂದು ತಿಳಿಯತಕ್ಕದ್ದು.

ಪ್ರಯೋಗ: ಬೆಳಗಾವಿಯಿಂದ ಖಾನಾಪುರಕ್ಕೆ ಕೆಂಪು ಬಸ್ಸಿನ ಕಿಟಕಿ ಪಕ್ಕ ಕೂತು ಫಲಕಗಳ ಅಪಾಸ್ಟ್ರಫಿ ಎಣಿಸಲು ಹೊರಟೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವ ಮಚ್ಛೆಯ ತನಕ ಲೆಕ್ಕ ಸರಿಯಿತ್ತು. ಮುಂದೆ ಬಸ್ಸು ತಗ್ಗಿನಲ್ಲಿ ಇಳಿದೆದ್ದಾಗ ಲೆಕ್ಕ ತಪ್ಪಿತು. ಆದರೆ ಒಬ್ಬ ಪೇಂಟರ್ ಸಿಕ್ಕ. ‘ಟೇಲರ್ಸ್’ ಎಂಬಲ್ಲಿ ‘ಆರ್’ಗೂ ‘ಎಸ್’ಗೂ ನಡುವೆ ಚೂರು ಯಾಕಪ್ಪಾ ಎಂದು ಕೇಳಿದೆ.

“ಜಾಗಾ ಉಳದಿತ್ತರಿ. ಅದಕ್ಕ ಒಂದ್ ಹಾಕೇನಿ.”

ಇಷ್ಟು ಸ್ಪಷ್ಟವಾದ ನಿಯಮವನ್ನು ಯಾವ ಇಂಗ್ಲಿಷ್ ವ್ಯಾಕರಣದಲ್ಲೂ ನಾನು ಓದಿಲ್ಲ. 2009ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತ ರಸ್ತೆಯ ಫಲಕಗಳಲ್ಲಿ ಅಪಾಸ್ಟ್ರಫಿ ಬೇಡವೆಂದು ತೀರ್ಮಾನಿಸಿತ್ತು. ಅಲ್ಲಿ ಉಳಿದದ್ದು ಇಲ್ಲಿಗೆ ಬಂದಿರಬೇಕು. ಈಗ 2024ರ ತಿದ್ದುಪಡಿಯಂತೆ ಫಲಕದ ಶೇ. 60 ಭಾಗ ಕನ್ನಡಕ್ಕೆ ಮೀಸಲು. ಮಿಕ್ಕ ನಲವತ್ತರಲ್ಲಿ ಜಾಗ ಉಳಿಯುವುದು ಕಷ್ಟ. ಅಪಾಸ್ಟ್ರಫಿಗಳ ಪುನರ್ವಸತಿಯ ಬಗ್ಗೆ ಸರ್ಕಾರ ಇನ್ನೂ ತುಟಿ ಬಿಚ್ಚಿಲ್ಲ.

ಸೂತ್ರ: ಅರ್ಜಿಯ ಕೊನೆಗೆ ‘ಫೇತ್‌ಫುಲ್’ಗೆ ಎರಡು ‘ಎಲ್’.

ವೃತ್ತಿ: ಕೋಶ ನೋಡಿದರೆ ಒಂದೇ ‘ಎಲ್’. ಆದರೆ ಈ ಸೀಮೆಯವರು ಎರಡು ಹಾಕುವುದಕ್ಕೆ ಇತಿಹಾಸವಿದೆ. ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕಾ. ಅಲ್ಲಿ ಸಿಕ್ಕ ತಾಮ್ರಪಟಗಳನ್ನು ಓದಿ ಇಂಗ್ಲಿಷಿನಲ್ಲಿ ಪ್ರಕಟಿಸಿದವರು ಮುಂಬಯಿ ಸಿವಿಲ್ ಸರ್ವಿಸಿನ ಜಾನ್ ಫೇತ್‌ಫುಲ್ ಫ್ಲೀಟ್. ಅವರ ನಡುಹೆಸರಿನಲ್ಲಿ ನಿಜಕ್ಕೂ ಎರಡು ‘ಎಲ್’. ಆದ್ದರಿಂದ ನಮ್ಮ ಅರ್ಜಿದಾರರು ಮಾಡುವುದು ತಪ್ಪಲ್ಲ, ಶಾಸನಶಾಸ್ತ್ರಜ್ಞನಿಗೆ ಸಲ್ಲಿಸುವ ನಮನ. ಆ ಕಾಲದ ಶಾಸನಗಳಲ್ಲಿ ಸಾಮಾನ್ಯವಾಗಿ ಪದ ಪದದ ನಡುವೆ ಜಾಗ ಬಿಡುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು. ನಮ್ಮ ಪೇಂಟರ್ ಆಗ ಇದ್ದಿದ್ದರೆ ಅಪಾಸ್ಟ್ರಫಿ ಹಾಕಲು ಅವನಿಗೆ ಆಸ್ಪದವೇ ಸಿಗುತ್ತಿರಲಿಲ್ಲ.

ಆರ್ಟಿಕಲ್ ವಿಚಾರ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಮೊದಲನೆಯದು, ಎರಡನೆಯದು ಎನ್ನುವಾಗ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ದಿ’ ಬೇಕು. ಟಿಳಕವಾಡಿಯಲ್ಲಿ ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್ ಇವೆ. ‘ದಿ’ ಹಚ್ಚಿ ಕೇಳಿದರೆ ಆಟೋದವರು ಗೇಟು ದಾಟಿಸುವುದಿಲ್ಲ.

ಸೂತ್ರ: ಅಪ್ಪನಿಗೆ ಏಕವಚನವಿಲ್ಲ.

ವೃತ್ತಿ: ರಜಾ ಅರ್ಜಿಯಲ್ಲಿ ಹುಡುಗ ‘ಮೈ ಫಾದರ್ ಹ್ಯಾವ್ ಕಮ್’ ಎಂದು ಬರೆದ, ಮೇಷ್ಟ್ರು ಕೆಂಪು ಗೀಟು ಎಳೆದರು. ಕರ್ತೃಪದ ಏಕವಚನ, ಕ್ರಿಯಾಪದ ಬಹುವಚನ ಎಂಬುದು ಆರೋಪ. ಹುಡುಗನ ಕಡೆಯಿಂದ ನೋಡಿ. ‘ಅಪ್ಪಾರು ಬಂದಾರ’ ಎಂದು ಹುಟ್ಟಿದಾಗಿನಿಂದ ಅಂದವನು, ‘ಬಂದಾನ’ ಅಂದರೆ ಅವ್ವನ ಕೈಯಿಂದ ಕಪಾಳಕ್ಕೆ ತಿಂದವನು, ‘ಹ್ಯಾಸ್’ ಎಂದು ಹೇಗೆ ಬರೆದಾನು? ಅವನು ಕೆಟ್ಟದ್ದು ವ್ಯಾಕರಣದಲ್ಲಿ, ಸಂಸ್ಕಾರದಲ್ಲಲ್ಲ. ಅಂಕ ಕಳೆದದ್ದು ಕ್ರೂರ.

ಸೂತ್ರ: ‘ಊ’ಕಾರವಿದ್ದಲ್ಲಿ ಕಾಮಾದ ಜಗಳವಿಲ್ಲ.

ವೃತ್ತಿ: ಪಟ್ಟಿಯ ಕೊನೆಯ ‘ಮತ್ತು’, ‘ಅಥವಾ’ಗಳ ಹಿಂದೆ ಕಾಮಾ ಬೇಕೋ ಬೇಡವೋ ಎಂದು ಇಂಗ್ಲಿಷಿನವರು ತಲೆಮಾರುಗಳಿಂದ ಕಚ್ಚಾಡುತ್ತಿದ್ದಾರೆ. ಇದಕ್ಕೆ ಆಕ್ಸ್‌ಫರ್ಡ್ ಕಾಮಾ ಎಂದು ಹೆಸರು. ಅಮೆರಿಕದ ಮೇನ್ ರಾಜ್ಯದ ಒಂದು ಡೇರಿ ಕಂಪನಿಯ ಚಾಲಕರು ಓವರ್‌ಟೈಮ್ ಕೂಲಿಗಾಗಿ ದಾವೆ ಹೂಡಿದ್ದರು. ಓವರ್‌ಟೈಮ್ ಇಲ್ಲದ ಕೆಲಸಗಳ ಪಟ್ಟಿ ಕಾನೂನಿನಲ್ಲಿತ್ತು. ‘ಸಾಗಣೆಗಾಗಿ ಪ್ಯಾಕಿಂಗ್’ ಆದಮೇಲೆ ಕಾಮಾ ಇಲ್ಲದೆ ‘ಅಥವಾ ವಿತರಣೆ’ ಎಂದು ಬಂದಿತ್ತು. ವಿತರಣೆ ಬೇರೆ ಕೆಲಸವೋ, ಅದಕ್ಕಾಗಿ ಮಾಡುವ ಪ್ಯಾಕಿಂಗ್ ಅಷ್ಟೇ ಪಟ್ಟಿಯಲ್ಲಿದೆಯೋ? 2017ರಲ್ಲಿ ಮೇಲ್ಮನವಿ ಕೋರ್ಟು ಚಾಲಕರ ಪರ ನಿಂತಿತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು. ಒಂದು ಕಾಮಾಕ್ಕೆ 50 ಲಕ್ಷ! ಕನ್ನಡದಲ್ಲಿ ‘ಪ್ಯಾಕ್ ಮಾಡೂದೂ ಹಂಚೂದೂ’ ಎಂದಿದ್ದರೆ ಕೇಸೇ ನಿಲ್ಲುತ್ತಿರಲಿಲ್ಲ. ಬೆಳಗಾವಿಯ ಮಿಠಾಯಿ ಅಂಗಡಿಯಲ್ಲಿ “ಕುಂದಾನೂ ಕೊಡ್ರಿ, ಕರದಂಟೂ ಕೊಡ್ರಿ” ಎಂದವರಿಗೆ ಎರಡೂ ಬೇರೆ ಬೇರೆ ಪೊಟ್ಟಣದಲ್ಲೇ ಬರುತ್ತವೆ.

ಇನ್ನು ಮುಖ್ಯ ಸಿದ್ಧಾಂತ. ಮೇಲಿನ ಮಾತಿನಲ್ಲೂ ಅದು ಎರಡು ಸಲ ಬಂದುಹೋಗಿದೆ. ಈ ಸೀಮೆಯ ಬಾಯಿಗೆ ವಿರಾಮಚಿಹ್ನೆ ಒಂದೇ, ಅದು ‘ರಿ’. ಹೌದ್ರಿ ಎಂದರೆ ಪೂರ್ಣವಿರಾಮ. ಹೌದರೀ ಎಂದು ಎಳೆದರೆ ಪ್ರಶ್ನೆ. ಹೌದ್ರೀ! ಎಂದು ಕಣ್ಣರಳಿಸಿದರೆ ಆಶ್ಚರ್ಯ. “ನಿನ್ನೆ ಹೋಗಿದ್ನಿರಿ, ಸಾಹೇಬ್ರು ಇರ್ಲಿಲ್ರಿ, ಹೊಳ್ಳಿ ಬಂದ್ನಿರಿ” ಎಂಬಲ್ಲಿ ‘ರಿ’ ತೆಗೆದು ಕಾಮಾ ಇಟ್ಟು ನೋಡಿ, ಅರ್ಥ ಉಳಿಯುತ್ತದೆ, ಮರ್ಯಾದೆ ಹೋಗುತ್ತದೆ. ಇಂಗ್ಲಿಷಿಗೆ ದಾಟುವಾಗ ‘ರಿ’ ಲೋಪವಾಗುತ್ತದೆ. ಹೋದ ಮರ್ಯಾದೆಯನ್ನು ತುಂಬಿಕೊಡಲು ಬರೆಯುವವನು ಸಿಕ್ಕಲ್ಲೆಲ್ಲ ಕಾಮಾ ಚೆಲ್ಲುತ್ತಾನೆ. ವ್ಯಾಕರಣದಲ್ಲಿ ಇದಕ್ಕೆ ಆದೇಶ ಎನ್ನುತ್ತಾರೆ. ನಮ್ಮ ಅರ್ಜಿಗಳಲ್ಲಿ ಕಾಮಾ ಹೆಚ್ಚಿದಷ್ಟೂ ವಿನಯ ಹೆಚ್ಚು.

ಪ್ರಯೋಗ: ಖಾನಾಪುರದ ಒಂದು ಝೆರಾಕ್ಸ್ ಅಂಗಡಿ. ನಿವೃತ್ತ ಮಾಸ್ತರರೊಬ್ಬರು ಬಿಳಿ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಪಿಂಚಣಿ ಬಾಕಿಯ ಅರ್ಜಿಯನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಇಂಗ್ಲಿಷಿನಲ್ಲಿ ಕೊಟ್ಟರೆ ಕೆಲಸ ಲಗೂ ಆಗುತ್ತದೆಂದು ಅವರಿಗೆ ಯಾರೋ ಹೇಳಿದ್ದರು.

“ರೆಸ್ಪೆಕ್ಟೆಡ್ ಸರ್ ಆದ್ಮ್ಯಾಲೆ ಕಾಮಾ ಹಾಕ್ಲೇನ್ರಿ ಕಾಕಾ?”

“ಹಾಕವಾ. ರೆಸ್ಪೆಕ್ಟೆಡ್ ಆದ್ಮ್ಯಾಲೂ ಒಂದ್ ಹಾಕು.”

“ಅಲ್ಲಿ ಬರೂದಿಲ್ರಿ.”

“ದೊಡ್ಡ ಸಾಹೇಬ್ರದಾರವಾ. ಇರ್ಲಿ.”

ಟೈಪ್ ಮಾಡುತ್ತಿದ್ದ ಹುಡುಗಿ ಹಾಕಿದಳು. ಕೊನೆಗೆ ‘ಫೇತ್‌ಫುಲ್’ಗೆ ಎರಡು ‘ಎಲ್’ಗಳೂ ಬಿದ್ದವು. ಒಂದು ಪುಟ, 20 ರೂಪಾಯಿ. ಕಾಕಾ ಕೆಳಗೆ ಮುತ್ತಿನಂಥ ಕನ್ನಡದಲ್ಲಿ ಸಹಿ ಮಾಡಿದರು. ನಾನೂ ಸಂಶೋಧನೆಯ ನೆಪದಲ್ಲಿ ಅವರ ಹಿಂದೆ ಕಚೇರಿಗೆ ಹೋದೆ. ಗುಮಾಸ್ತರು ಅರ್ಜಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಕಾಮಾಗಳ ಬಗ್ಗೆ ಚಕಾರ ಎತ್ತಲಿಲ್ಲ.

“ಕನ್ನಡದಾಗ ಬರ್ಕೊಂಡ್ ಬರ್ರಿ,” ಎಂದರು.

ಕಾಕಾ “ಹೌದರೀ?” ಎಂದರು. ಆಮೇಲೆ “ಹೌದ್ರಿ” ಎಂದರು. ಟೊಪ್ಪಿಗೆ ಏರಿಸಿ ಮತ್ತೆ ಝೆರಾಕ್ಸ್ ಅಂಗಡಿಯತ್ತ ನಡೆದರು. ಇನ್ನೊಂದು 20 ರೂಪಾಯಿ.