ಇಸಿಜಿ ಅಣ್ಣನ ಮುಖ

ತಾಲ್ಲೂಕು ಆಸ್ಪತ್ರೆಯಲ್ಲಿ ಜನ ಎಲ್ಲಕ್ಕಿಂತ ಹೆಚ್ಚು ದಿಟ್ಟಿಸಿ ನೋಡುವುದು ಡಾಕ್ಟರ ಮುಖವನ್ನಲ್ಲ. ಡಾಕ್ಟರು ಬಾಯಿ ಬಿಟ್ಟು ಹೇಳುವವರು, ಆದ್ದರಿಂದ ಅವರ ಮುಖಕ್ಕೆ ಅಷ್ಟು ಬೆಲೆಯಿಲ್ಲ. ಬಾಯಿ ಬಿಡಬಾರದೆಂಬ ಕಟ್ಟಪ್ಪಣೆ ಇರುವುದು ಇಸಿಜಿ ಅಣ್ಣನಿಗೆ. ಮಷಿನ್ನಿನಿಂದ ಗುಲಾಬಿ ಚೌಕಳಿ ಕಾಗದ ಸರಸರನೆ ಹೊರಗೆ ಬರುವಾಗ ಅದನ್ನು ನೋಡುವವನು ಅವನೊಬ್ಬ. ಕೋಣೆಯಲ್ಲಿ ತುಂಬಿಕೊಂಡ ಬೀಗರು, ನೆಂಟರು, ಪಕ್ಕದ ಮನೆಯವರೆಲ್ಲ ನೋಡುವುದು ಅವನನ್ನು. ಹುಬ್ಬು ಕೊಂಚ ಮೇಲೇರಿದರೆ ಸಾಕು, ಬಾಗಿಲಲ್ಲಿ ನಿಂತ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾಳೆ. ನಕ್ಕರೆ ಇನ್ನೂ ಕಷ್ಟ.

"ನಕ್ಕ ನೋಡ್ರಿ. ನಮ್ಮನ್ನ ಸಮಾಧಾನ ಮಾಡಾಕ ನಕ್ಕಾನ. ಕೈ ಮೀರೇತಿ."

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಊರಿಗೆ ಹೋದರೂ ಈ ಅಣ್ಣ ಸಿಗುತ್ತಾನೆ. ಮೀಸೆ ಬೇರೆ, ಬೈಕು ಬೇರೆ, ಮುಖ ಮಾತ್ರ ಒಂದೇ. ಪ್ಯಾರಾಮೆಡಿಕಲ್ ಡಿಪ್ಲೊಮಾದಲ್ಲಿ ಮಷಿನ್ ಹೇಳಿಕೊಡುತ್ತಾರೆ, ಮುಖ ಹೇಳಿಕೊಡುವುದಿಲ್ಲ; ಅದನ್ನು ಸ್ವಂತ ಖರ್ಚಿನಲ್ಲಿ ಕಲಿಯಬೇಕು. ಕಲಿತ ಮೇಲೆ ಅದನ್ನು ಆಸ್ಪತ್ರೆಯಲ್ಲೇ ಕಳಚಿಟ್ಟು ಬರಲೂ ಆಗುವುದಿಲ್ಲ. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದ ದಿನ ಸುದ್ದಿ ಹೊತ್ತು ಮನೆಗೆ ಬಂದವನ ಮುಖ ನೋಡಿ ಹೆಂಡತಿ, "ಇರ್ಲಿ ಬಿಡ್ರಿ, ಸಪ್ಲಿಮೆಂಟರಿ ಕಟ್ಟಿಸೂಣು" ಎಂದು ಕಣ್ಣೊರೆಸಿಕೊಂಡಳಂತೆ.

ಅವನ ಮೊದಲ ಕೆಲಸ ಇಸಿಜಿ ತೆಗೆಯುವುದಲ್ಲ, ಹೆದರಿಕೆ ತೆಗೆಯುವುದು. ವಯರುಗಳನ್ನು ಕಂಡ ಕೂಡಲೇ ಮುದುಕಿಯರು ಮಂಚದ ಮೇಲೆ ಎದ್ದು ಕೂಡುತ್ತಾರೆ.

"ಯಪ್ಪಾ, ಕರೆಂಟ್ ಹೊಡಿತೈತೇನೋ?"

"ನಾವು ಕರೆಂಟ್ ಕೊಡಂಗಿಲ್ಲಬೇ ಯವ್ವಾ. ನಿನ್ನ ಎದ್ಯಾಗ ಎಷ್ಟ್ ಕರೆಂಟ್ ಐತಿ ಅಂತ ನೋಡ್ತೀವಿ."

"ನನ್ನ ಎದ್ಯಾಗ ಕರೆಂಟಾ? ಬಿಲ್ ಯಾರ್ ಕಟ್ಟವ್ರು?"

"ಇನ್ನೂರು ಯೂನಿಟ್ ತನಕ ಪುಕ್ಕಟೆ ಐತಿ, ಮಲ್ಕೊ."

ಯವ್ವ ಮಲಗುತ್ತಾಳೆ. ಸರ್ಕಾರದ ಗೃಹಜ್ಯೋತಿ ಇಷ್ಟು ಒಳಗಿನ ಮನೆಗೂ ಮುಟ್ಟಿದೆ ಎಂದು ವಿಧಾನಸೌಧದವರಿಗೆ ಗೊತ್ತಿರಲಾರದು. ನಿಜ ಹೇಳಬೇಕೆಂದರೆ ಬಿಲ್ ಬರುವಷ್ಟು ಕರೆಂಟ್ ಅಲ್ಲಿಲ್ಲ. ಎದೆಯ ಚರ್ಮದ ಮೇಲೆ ಸಿಗುವುದು ಒಂದು ಮಿಲಿವೋಲ್ಟಿನ ಆಸುಪಾಸು. ಗೋಡೆ ಗಡಿಯಾರದ ಸೆಲ್ಲಿನಲ್ಲಿ ಅದರ 1500 ಪಟ್ಟು ಇರುತ್ತದೆ. ಅಷ್ಟು ಸಣ್ಣ ದನಿಯನ್ನು ಕೇಳಿಸಿಕೊಳ್ಳುವ ಮಷಿನ್ನಿಗೆ ಪಕ್ಕದಲ್ಲಿ ಮೊಬೈಲ್ ಹಿಡಿದವನೂ ಗದ್ದಲ, ನೆಟ್ಟಗಿಲ್ಲದ ಅರ್ಥಿಂಗೂ ಗದ್ದಲ, ಚಳಿಗೆ ನಡುಗುವ ಮೈಯೂ ಗದ್ದಲ. ಕಾಗದದ ತುಂಬ ಗರಗಸದ ಹಲ್ಲು ಮೂಡಿದರೆ ಅಣ್ಣ ಮೊದಲು ಫ್ಯಾನ್ ಆರಿಸುತ್ತಾನೆ, ಆಮೇಲೆ ನೆಂಟರನ್ನು ಹೊರಗೆ ಹಾಕುತ್ತಾನೆ. ಫ್ಯಾನ್ ಹೇಳಿದ ಮಾತು ಕೇಳುತ್ತದೆ.

ನಮ್ಮ ಕಡೆಯ ಎದೆ ಖಾಲಿ ಇರುವುದೂ ಅಪರೂಪ. ಮಷಿನ್ನಿನ ವಯರಿನ ತುದಿಯ ಆರು ರಬ್ಬರ್ ಬುರುಡೆಗಳನ್ನು ಎದೆಯ ನಾಲ್ಕನೇ ಪಕ್ಕೆಲುಬಿನ ಸಂದಿನಿಂದ ಶುರು ಮಾಡಿ ಎಡ ಕಂಕುಳತನಕ ಕೂಡಿಸಬೇಕು. ಸರಿಯಾಗಿ ಅದೇ ಜಾಗದಲ್ಲಿ ಅಜ್ಜನ ಬೆಳ್ಳಿ ಕರಡಿಗೆ ಕೂತಿರುತ್ತದೆ. ಇಷ್ಟಲಿಂಗ ಮೈಯಿಂದ ಬೇರೆ ಮಾಡುವ ಮಾತೇ ಇಲ್ಲ. ಹೊಸದಾಗಿ ಬಂದ ಹುಡುಗ "ತಗೀರಿ ಅಜ್ಜಾರ" ಎಂದು ಬಾಯಿ ಬಿಟ್ಟರೆ ಮುಗಿಯಿತು, ಅಜ್ಜ ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡ್ ಮುಟ್ಟಿರುತ್ತಾನೆ. ಹಳೆಯ ಅಣ್ಣ ಏನೂ ಹೇಳುವುದಿಲ್ಲ. ಶಿವದಾರವನ್ನು ಮೆಲ್ಲಗೆ ಸರಿಸಿ ಕರಡಿಗೆಯನ್ನು ಹೆಗಲ ಮೇಲೆ ಇಡುತ್ತಾನೆ. ಸವಣೂರಿನಲ್ಲಿ ಅದೇ ಜಾಗಕ್ಕೆ ಕಪ್ಪು ದಾರದ ತಾಯಿತ ಬರುತ್ತದೆ, ಅದಕ್ಕೂ ಅದೇ ಮರ್ಯಾದೆ. ಮಷಿನ್ನಿಗೆ ಎರಡರಿಂದಲೂ ತಕರಾರಿಲ್ಲ, ಬುರುಡೆಗೆ ತಾಗದಿದ್ದರಾಯಿತು. ತಕರಾರು ಬರುವುದು ಎದೆ ತುಂಬ ಕೂದಲಿರುವ ಗಂಡಸರಿಂದ. ಜೆಲ್ ಸವರಿ ಎಷ್ಟು ಒತ್ತಿದರೂ ಬುರುಡೆ ಪಟ್ಟನೆ ಹಾರಿ ಕೆಳಗೆ ಬೀಳುತ್ತದೆ. ಆಗ ಬ್ಲೇಡು ಹೊರಗೆ ಬರಬೇಕು.

ಕೈಕಾಲಿನ ಕ್ಲಿಪ್ಪುಗಳಿಗೆ ಬಣ್ಣದ ಲೆಕ್ಕವಿದೆ. ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಟ್ರೇನಿಂಗಿಗೆ ಬಂದ ಹುಡುಗರಿಗೆ ಅಣ್ಣ ಕಲಿಸುವುದು, "ಬಲಕ್ಕ ಕುಂಕುಮ, ಎಡಕ್ಕ ಅರಿಷಿಣ, ಎಡಗಾಲಿಗೆ ಎಲಿ, ಬಲಗಾಲಿಗೆ ಕಾಡಿಗಿ." ಕುಂಕುಮ ಅರಿಷಿಣ ಅದಲುಬದಲಾದರೆ ಮೊದಲನೇ ಗೆರೆ ತಲೆಕೆಳಗಾಗಿ ಬರುತ್ತದೆ, ಹೃದಯವೇ ಬಲಗಡೆ ಇರುವವರ ಇಸಿಜಿ ಇದ್ದಂತೆ. ಅವಸರದ ಡಾಕ್ಟರು ಯಾರಾದರೂ ಅದನ್ನು ನಂಬಿಬಿಟ್ಟರೆ ಆ ಮನೆತನದಲ್ಲಿ ಮೂರು ತಲೆಮಾರಿನವರೆಗೆ "ನಮ್ಮ ಅಜ್ಜನ ಹಾರ್ಟ್ ಬಲಕ್ಕಿತ್ತು" ಎಂಬ ಐತಿಹ್ಯ ಉಳಿಯುತ್ತದೆ.

ಮಷಿನ್ ರಿಪೇರಿಯಾಗಿ ಬಂದಾಗಲೆಲ್ಲ ಪರೀಕ್ಷೆಗೆ ಮಲಗುವವನು ವಾರ್ಡಿನ ಅಟೆಂಡರ್. ಅವನ ಎರಡೆಕರೆ ಹೊಲದ ಉತಾರ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ, ಎದೆಯ ಕಾಗದಪತ್ರ ಮಾತ್ರ ಹೊಚ್ಚಹೊಸದು. ಹಾವೇರಿ ಜಿಲ್ಲೆಯಲ್ಲಿ ಇಷ್ಟು ದಾಖಲೆಯುಳ್ಳ ಹೃದಯ ಇನ್ನೊಂದಿರಲಾರದು.

ಊರಿಂದೂರಿಗೆ ಗಿರಾಕಿ ಬೇರೆ. ಶಿಗ್ಗಾಂವಿಯವರಿಗೆ ಬಾಗಿಲಲ್ಲೇ ಹೈವೇ, ಒಂದು ತಾಸಿಗೆ ಹುಬ್ಬಳ್ಳಿ. ಅವರು ಇಲ್ಲಿ ಇಸಿಜಿ ತೆಗೆಸುವುದು ಹುಬ್ಬಳ್ಳಿಯದು ಸರಿಯಿದೆಯೋ ಇಲ್ಲವೋ ತಾಳೆ ನೋಡಲು. ಹಿರೇಕೆರೂರು ತಾಲ್ಲೂಕಿನಲ್ಲಿ ಅಬಲೂರಿದೆ, ಸರ್ವಜ್ಞನ ಊರೆಂದು ಹೇಳಿಕೊಳ್ಳುವ ನೆಲ. ಅಲ್ಲಿ ಅಣ್ಣನಿಗೆ ತಿಳಿಯದ್ದು ರೋಗಿಗೆ ತಿಳಿದಿರುತ್ತದೆ, ರೋಗಿಗೆ ತಿಳಿಯದ್ದು ರೋಗಿಯ ಷಡ್ಡಕನಿಗೆ. ದಾವಣಗೆರೆಗೆ ಒಯ್ಯಬೇಕೋ ಶಿವಮೊಗ್ಗಕ್ಕೋ ಎಂಬ ವಾದ ಇಸಿಜಿ ತೆಗೆಯುವ ಮೊದಲೇ ಅರ್ಧ ಮುಗಿದಿರುತ್ತದೆ.

ಸವಣೂರಿನದು ಒಂದೇ ರೋಗ, ಗ್ಯಾಸು. ಊರ ಹೆಸರೇ ಖಾರದ ಪೊಟ್ಟಣದ ಮೇಲಿರುವಾಗ ಅನ್ಯಾಯವೆನ್ನುವಂತಿಲ್ಲ. ಎದೆ ಹಿಡಿದುಕೊಂಡಿದೆ, ಎಡಗೈ ಸೆಳೆಯುತ್ತಿದೆ, ಅಂಗಿ ಬೆವರಿಗೆ ತೊಯ್ದಿದೆ, ಆದರೂ, "ರಾತ್ರಿ ಖಾರ ಜಾಸ್ತಿ ಆಗಿತ್ರೀ, ಗ್ಯಾಸ್ ಅಷ್ಟ. ಸೋಡಾ ಕುಡದೇನಿ, ಜೀರಿಗಿ ತಿಂದೇನಿ, ಇಷ್ಟೊತ್ತಿಗೆ ಇಳಿಬೇಕಿತ್ತು." ಮಾತಾಡುವಾಗ ಬಾಯಲ್ಲಿ ಎಲೆಯಡಿಕೆ ಬೇರೆ. ಸವಣೂರಿನ ವೀಳ್ಯದೆಲೆಗೆ ದೊಡ್ಡ ಹೆಸರಿದೆ, ಅದನ್ನು ಉಗುಳಿ ಬರುವುದು ಯಾರಿಗೂ ಇಷ್ಟವಿಲ್ಲ. ಆದರೆ ದವಡೆ ಆಡುತ್ತಿದ್ದರೆ ಗೆರೆಯೂ ಆಡುತ್ತದೆ. ಎಲೆ ಉಗುಳಿಸಿ ಮಲಗಿಸಿದರೆ ಹತ್ತರಲ್ಲಿ ಹಲವರದು ನಿಜಕ್ಕೂ ಗ್ಯಾಸೇ. ತೊಂದರೆ ಇರುವುದು ಉಳಿದವರದರಲ್ಲಿ. ಅವರು ಸೋಡಾ ಅಂಗಡಿಯಲ್ಲೇ ಎರಡು ತಾಸು ಕಳೆದು ಬಂದಿರುತ್ತಾರೆ.

ಹಾನಗಲ್ ಕಡೆ ದೀಪಾವಳಿ ಮುಗಿಯಿತೆಂದರೆ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಕಟ್ಟಿ ಹೋರಿ ಓಡಿಸುವವರ ಎದೆ ಹೋರಿಗಿಂತ ಜೋರಾಗಿ ಓಡುತ್ತದೆ. ಅಂಥ ಒಬ್ಬ ಮಾಲೀಕ ಗಾಬರಿಯಾಗಿ ಮಲಗಿದ್ದಾಗ ಅಣ್ಣ ಅವನ ಮನಸ್ಸು ತಿರುಗಿಸಲು ನಾಯಿಯ ಕತೆ ತೆಗೆದ. ಕತೆ ಸುಳ್ಳಲ್ಲ. 1887ರಲ್ಲಿ ಮನುಷ್ಯನ ಇಸಿಜಿಯನ್ನು ಮೊದಲು ತೆಗೆದ ಅಗಸ್ಟಸ್ ವಾಲರ್ ಎಂಬ ಲಂಡನ್ನಿನ ವಿಜ್ಞಾನಿಗೆ ಜಿಮ್ಮಿ ಎಂಬ ಬುಲ್‌ಡಾಗ್ ಇತ್ತು. ಉಪ್ಪುನೀರಿನ ಪಾತ್ರೆಯಲ್ಲಿ ಅದರ ಕಾಲಿರಿಸಿ ಹೃದಯದ ಕರೆಂಟ್ ತೋರಿಸುತ್ತಿದ್ದ. 1909ರಲ್ಲಿ ರಾಯಲ್ ಸೊಸೈಟಿಯಲ್ಲಿ ಆ ಪ್ರದರ್ಶನ ನಡೆದಾಗ, ಇದು ನಾಯಿಗೆ ಹಿಂಸೆಯಲ್ಲವೇ ಎಂದು ಪಾರ್ಲಿಮೆಂಟಿನಲ್ಲೇ ಪ್ರಶ್ನೆ ಎದ್ದಿತು. ಎಲ್ಲ ಕೇಳಿಸಿಕೊಂಡ ಮಾಲೀಕ ಎದೆಯ ಮೇಲಿನ ಬುರುಡೆಗಳ ಸಮೇತ ಅರ್ಧ ಎದ್ದು ಕೂತ.

"ನಾಯಿದು ತಗದಾರಂದ್ರ, ಹೊರಗ ನನ್ನ ಹೋರಿ ನಿಂತೈತಿ, ಅದರದೂ ಒಂದು ತಗದ್ಬಿಡ್ರಿ. ಈ ಸಲ ಯಾಕೋ ಓಟ ಕಮ್ಮಿ ಆಗೇತಿ."

ಇಂಗ್ಲಿಷ್ ಬಲ್ಲವರ ಕಾಟ ಇನ್ನೊಂದು ತರಹದ್ದು. ಈಗಿನ ಮಷಿನ್ನುಗಳು ಕಾಗದದ ತಲೆಯ ಮೇಲೆ ತಮ್ಮದೂ ಒಂದು ಅಭಿಪ್ರಾಯ ಛಾಪಿಸುತ್ತವೆ, ಕೆಳಗೆ ಸಣ್ಣ ಅಕ್ಷರದಲ್ಲಿ ಇದನ್ನು ಡಾಕ್ಟರು ಖಾತ್ರಿ ಮಾಡಿಲ್ಲವೆಂಬ ಷರಾ ಹಾಕಿ ಕೈ ತೊಳೆದುಕೊಳ್ಳುತ್ತವೆ. ಕಾಲೇಜಿಗೆ ಹೋಗುವ ಮೊಮ್ಮಗ 'ಬಾರ್ಡರ್‌ಲೈನ್' ಎಂದು ಜೋರಾಗಿ ಓದಿದ್ದೇ ತಡ, ಅಜ್ಜ ಕೇಳಿದ: "ಯಾವ ಬಾರ್ಡರೋ ತಮ್ಮಾ, ಬೆಳಗಾವಿದಾ?" ಮೊಮ್ಮಗ ಮೊಬೈಲ್ ತೆಗೆದು ಹುಡುಕತೊಡಗಿದ. ಅವನ ಎದೆಬಡಿತ ಅಜ್ಜನದಕ್ಕಿಂತ ಕೆಟ್ಟಿತು.

ಎಲ್ಲರಿಗಿಂತ ನಾಜೂಕಿನವರು ನಿವೃತ್ತ ಮಾಸ್ತರರು. ಒಬ್ಬರಿಗೆ ಇಸಿಜಿ ಚೆನ್ನಾಗಿ ಬಂತು, ಡಾಕ್ಟರು ನಾರ್ಮಲ್ ಎಂದು ಬರೆದು ಸಹಿ ಮಾಡಿದರು. ಇಂಥ ಪ್ರಶಸ್ತಿಪತ್ರ ಮತ್ತೆ ಸಿಗುತ್ತದೋ ಇಲ್ಲವೋ ಎಂದು ನೇರ ಝೆರಾಕ್ಸ್ ಅಂಗಡಿಗೆ ಹೋಗಿ ಲ್ಯಾಮಿನೇಷನ್ ಮಾಡಿಸಿದರು. ಇಸಿಜಿ ಕಾಗದಕ್ಕೆ ಶಾಯಿ ಇಲ್ಲ. ಬಿಸಿ ತಾಗಿದಲ್ಲಿ ಕಪ್ಪಾಗುವ ಕಾಗದ ಅದು. ಲ್ಯಾಮಿನೇಷನ್ ಮಷಿನ್ನಿನ ಆ ಕಡೆಯಿಂದ ಹೊರಗೆ ಬಂದದ್ದು ಅಮಾವಾಸ್ಯೆ. ಮಾಸ್ತರರು ಆ ಕರಿ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಏದುಸಿರು ಬಿಡುತ್ತ ಇಸಿಜಿ ಕೋಣೆಗೆ ಬಂದರು. "ಅರ್ಧ ತಾಸಿನ್ಯಾಗ ಹಿಂಗಾತು ನೋಡಪಾ!" ಅಣ್ಣ ಅವರನ್ನು ಮತ್ತೆ ಮಲಗಿಸಿ ಇನ್ನೊಂದು ತೆಗೆದ. ಓಡಿ ಬಂದದ್ದಕ್ಕೆ ಬಡಿತ ಏರಿತ್ತು. ಡಾಕ್ಟರು ಈ ಸಲ ನಾರ್ಮಲ್ ಎಂದು ಬರೆಯುವ ಮುಂಚೆ ಸ್ವಲ್ಪ ಯೋಚಿಸಿದರು. ಮಾಸ್ತರರು ಅದನ್ನೂ ಓದಿಕೊಂಡರು.

ಅಣ್ಣನ ಕೋಣೆಗೆ ಜಾತ್ರೆ ಕೂಡುವ ದಿನಗಳೂ ಉಂಟು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಹೋದಾಗ ರಾಜ್ಯದ ಆಸ್ಪತ್ರೆಗಳ ಮುಂದೆ ಸಾಲು ನಿಂತಿತು. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಟಿವಿ ತುಂಬಿದಾಗ ಮತ್ತೊಮ್ಮೆ. ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆದರಿಕೆ ಸುಳ್ಳೆಂದು ನಗುವಂತಿರಲಿಲ್ಲ, ಪ್ರಾಯದವರೂ ಸಾಯುತ್ತಾರೆ. ಆದರೆ ಬೆಳಿಗ್ಗೆ ಬಂದು ನಾರ್ಮಲ್ ಎನಿಸಿಕೊಂಡ ಜಿಮ್ಮಿನ ಹುಡುಗ ಸಂಜೆ ಬೇರೆ ಅಂಗಿ ಹಾಕಿಕೊಂಡು ಮತ್ತೆ ಬಂದರೆ ಅಣ್ಣ ಏನು ಮಾಡಬೇಕು? ಹೆಸರು ಬೇರೆ ಹೇಳುತ್ತಾನೆ. ಎದೆಯ ಮೇಲೆ ಬೆಳಗಿನ ಆರು ಬುರುಡೆಗಳ ಗುಂಡನೆಯ ಗುರುತು ಹಾಗೇ ಇರುತ್ತದೆ.

ಇವೆಲ್ಲ ಸರಿ, ಆ ಮುಖವನ್ನು ಅಣ್ಣ ಇಷ್ಟು ವರ್ಷ ಸಾಕಿದ್ದು ಬೇರೆಯದೇ ಹೊತ್ತಿಗಾಗಿ. ನಡುವಯಸ್ಸಿನ ರೈತನೊಬ್ಬ ಗ್ಯಾಸೆಂದು ನಡೆದುಕೊಂಡೇ ಬರುತ್ತಾನೆ. ಎದೆ ತುಂಬ ಕೂದಲು, ಬುರುಡೆ ನಿಲ್ಲುತ್ತಿಲ್ಲ. ಅಣ್ಣ ಬ್ಲೇಡು ತೆಗೆದು ಬೇಕಾದಷ್ಟೇ ಜಾಗ ಸರಸರ ಕೆರೆಯುತ್ತಾನೆ. ಕಾಗದ ಹೊರಬರುತ್ತದೆ. ನೆಲಕ್ಕೆ ಮರಳಬೇಕಾದ ಗೆರೆ ಮರಳದೆ, ಗುಡ್ಡ ಕಟ್ಟಿಕೊಂಡು ಮೇಲೆಯೇ ನಿಂತಿದೆ. ರಕ್ತನಾಳ ಕಟ್ಟಿಕೊಂಡಿದೆ ಎಂಬುದಕ್ಕೆ ಅದು ಗುರುತು. ಪ್ರತಿ ನಿಮಿಷಕ್ಕೂ ಹೃದಯದ ಒಂದಿಷ್ಟು ಮಾಂಸ ಸಾಯುತ್ತಿದೆ. ಬಾಗಿಲ ಬಳಿ ಹೆಂಡತಿ, ಇಬ್ಬರು ಮಕ್ಕಳು, ತಮ್ಮ, ಎಲ್ಲರ ಕಣ್ಣೂ ಅಣ್ಣನ ಮುಖದ ಮೇಲೆ.

ಅಣ್ಣ ಆಕಳಿಸುತ್ತಾನೆ. ಹೌದು, ಆಕಳಿಸುತ್ತಾನೆ. "ಸ್ವಲ್ಪ ಮಲ್ಕೊಂಡಿರ್ರಿ, ಸಹಿ ಮಾಡಿಸ್ಕೊಂಡ ಬರ್ತೀನಿ" ಎಂದು ಚಪ್ಪಲಿ ಎಳೆಯುತ್ತ ಹೊರಡುತ್ತಾನೆ. ಓಡಿದರೆ ಹೆಂಗಸರು ಬೋರಾಡುತ್ತಾರೆ, ಅದನ್ನು ಕೇಳಿ ರೋಗಿಯ ಬಡಿತ ಇನ್ನೂ ಹಾರುತ್ತದೆ. ಹಾಗಾಗಿ ಬಾಗಿಲ ತನಕ ಸಾವಕಾಶ, ಮೂಲೆ ತಿರುಗಿದ ಮೇಲೆ ನಾಗಾಲೋಟ.

ಇಸಿಜಿ ಈಗ ದೂರದ ತಜ್ಞರಿಗೆ ಮುಟ್ಟಬೇಕು. ಹೀಗೆ ದೂರಕ್ಕೆ ಕಳಿಸುವುದು ಹೊಸದೇನಲ್ಲ. 1905ರಲ್ಲೇ ವಿಜ್ಞಾನಿ ವಿಲ್ಲೆಮ್ ಐಂಥೋವನ್ ಲೈಡನ್ ಊರಿನ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೇಲೆ ಇಸಿಜಿ ತರಿಸಿಕೊಂಡಿದ್ದ. ಸುಮಾರು 270 ಕಿಲೋ ತೂಕದ ಅವನ ಯಂತ್ರ ನಡೆಸಲು ಐದು ಜನ ಬೇಕಿತ್ತು. 1924ರಲ್ಲಿ ಅವನಿಗೆ ನೊಬೆಲ್ ಬಂತು. ಇಲ್ಲಿ ಐವರ ಕೆಲಸಕ್ಕೆ ಅಣ್ಣನೊಬ್ಬನೇ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕಿನ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಕಣ್ಣಿಗೆ ನಿಮಿಷಗಳಲ್ಲಿ ಬೀಳುತ್ತದೆ. ಅವರು ಹೂಂ ಎಂದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್. ಹೊರಗೆ ಸಾವಿರಾರು ರೂಪಾಯಿಯದು, ಇಲ್ಲಿ ಪುಕ್ಕಟೆ. ಆಮೇಲೆ 108 ಗಾಡಿ, ಹುಬ್ಬಳ್ಳಿ.

ಆ ರೈತ ಸ್ಟೆಂಟ್ ಹಾಕಿಸಿಕೊಂಡು ಕೆಲವು ವಾರಗಳ ಮೇಲೆ ಬರುತ್ತಾನೆ. ಡಾಕ್ಟರಿಗೆ ಶಾಲು, ಬಾಳೆಹಣ್ಣು. ಇಸಿಜಿ ಕೋಣೆಯ ಬಾಗಿಲಿಗೆ ಬಂದವನ ಮುಖದಲ್ಲಿ ಸಿಟ್ಟು.

"ಏನ್ ಅಣ್ಣಾರ, ಅವತ್ತು ನೀವು ಆಕಳಿಸಿದ್ರಿ. ನಮ್ಮ ಜೀವ ಹೊಂಟಿತ್ತು, ನಿಮಗ ನಿದ್ದಿ ಬಂದಿತ್ತಲ್ರೀ?"

ಅಣ್ಣ ಸುಮ್ಮನಿರುತ್ತಾನೆ. ರೈತ ಅಂಗಿಯ ಗುಂಡಿ ಬಿಚ್ಚುತ್ತಾನೆ.

"ಅದು ಇರ್ಲಿ. ಇದನ್ನ ನೋಡ್ರಿ. ಬರೀ ಎಡಕ್ಕ ಕೆರದು ಬಿಟ್ಟೀರಿ, ಬಲಕ್ಕ ಹಂಗ ಐತಿ. ಕಟಿಂಗ್ ಅಂಗಡಿಯವ ನಗತಾನ. ಕೆರಿಯೂದಾದ್ರ ಪೂರ್ತಿ ಕೆರಿಬೇಕಿಲ್ರಿ?"